ಗಾಳಿಗೆ ಜಾರೋ ಹಗುರ ಕಾರು: ಬಾಡಿ ಡಿಸೈನ್ ಬದಲಾದ್ರೆ ಮೈಲೇಜ್ ಹೇಗೆ ಹೆಚ್ಚತ್ತೆ?

ಇವಿ ಕಾರು ತಗೊಂಡ ಹೊಸದರಲ್ಲಿ ಸುಮಾರು ಜನಕ್ಕೆ ಒಂದು ವಿಷಯ ಅರ್ಥ ಆಗಲ್ಲ. ಬೆಂಗಳೂರು ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿಸಿದ್ರೂ ಒಳ್ಳೆ ರೇಂಜ್ ಕೊಡೋ ಗಾಡಿ, ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿ ನೂರರ ಹತ್ರ ಹಿಡಿದುಬಿಟ್ರೆ ಬ್ಯಾಟರಿ ಪರ್ಸೆಂಟೇಜು ಕಣ್ಣೆದುರೇ ಇಳಿಯೋಕೆ ಶುರು ಮಾಡತ್ತೆ. ಪೆಟ್ರೋಲ್ ಕಾರಲ್ಲಿ ಉಲ್ಟಾ ಇತ್ತಲ್ಲ, ಹೈವೇನಲ್ಲೇ ತಾನೆ ಮೈಲೇಜ್ ಜಾಸ್ತಿ ಬರ್ತಿದ್ದಿದ್ದು ಅಂತ ಕೇಳ್ತಾರೆ. ಇದರ ಉತ್ತರ ಇರೋದು ಕಾರಿನ ಬಾಡಿಯ ಆಕಾರದಲ್ಲಿ ಮತ್ತೆ ಅದರ ತೂಕದಲ್ಲಿ.

ಪೆಟ್ರೋಲ್ ಎಂಜಿನ್ ಸಿಟಿ ಟ್ರಾಫಿಕ್‌ನಲ್ಲಿ ತುಂಬಾ ಎಣ್ಣೆ ದಂಡ ಮಾಡತ್ತೆ, ಸಿಗ್ನಲ್‌ನಲ್ಲಿ ಸುಮ್ನೆ ಉರಿಯತ್ತೆ, ಕಮ್ಮಿ ಲೋಡಲ್ಲಿ ಅದರ ದಕ್ಷತೆ ಪಾತಾಳಕ್ಕೆ ಇಳಿದಿರತ್ತೆ, ಹಾಗಾಗಿ ಹೈವೇಗೆ ಬಂದಾಗ ಗಾಳಿ ಜೊತೆ ಜಾಸ್ತಿ ಗುದ್ದಾಡ್ತಿದ್ರೂ ಒಟ್ಟು ಲೆಕ್ಕದಲ್ಲಿ ಮೈಲೇಜ್ ಹೆಚ್ಚಾಗೇ ಕಾಣತ್ತೆ. ಎಲೆಕ್ಟ್ರಿಕ್ ಮೋಟರ್‌ಗೆ ಈ ರೋಗ ಇಲ್ಲ, ಅದು ಎಲ್ಲಾ ಕಡೆ ಚೆನ್ನಾಗೇ ಕೆಲಸ ಮಾಡತ್ತೆ, ಅದಕ್ಕೇ ಗಾಳಿ ತಿನ್ನೋ ಪಾಲು ಮುಚ್ಚಿಕೊಳ್ಳೋಕೆ ಜಾಗ ಇಲ್ಲದೆ ಮೀಟರಲ್ಲಿ ನೇರವಾಗಿ ಕಾಣಿಸಿಬಿಡತ್ತೆ. ಆದ್ರೆ ಗಾಳಿ ಮೊದಲಿಂದಲೂ ತಿಂತಾನೇ ಇತ್ತು. ಅದನ್ನ ಕಮ್ಮಿ ಮಾಡೋಕೆ ಅಂತಾನೇ ಬೇರೆ ಥರದ ಬಾಡಿ ಕಟ್ಟೋ ಕೆಲಸ ನೂರು ವರ್ಷದಿಂದ ನಡೀತಿದೆ. ಅದು ಹೇಗೆ, ಯಾಕೆ ಅಂತ ಬುಡದಿಂದ ನೋಡೋಣ.

## ಕಾರನ್ನ ತಡೆಯೋ ಮೂರು ವಿಷಯ

ಸಮತಟ್ಟಾದ ರಸ್ತೆಯಲ್ಲಿ ಒಂದೇ ಸ್ಪೀಡಲ್ಲಿ ಹೋಗ್ತಿರೋ ಕಾರನ್ನ ಮುಖ್ಯವಾಗಿ ಎರಡು ವಿಷಯ ಹಿಂದಕ್ಕೆ ಎಳೀತಿರತ್ತೆ. ಒಂದು ಟೈರು. ರಸ್ತೆಗೆ ತಾಗಿದ ಜಾಗದಲ್ಲಿ ರಬ್ಬರ್ ಚಪ್ಪಟೆ ಆಗತ್ತೆ, ಮತ್ತೆ ದುಂಡಗಾಗತ್ತೆ, ಪ್ರತಿ ಸುತ್ತಲ್ಲೂ ಹೀಗೆ ಬಗ್ಗಿ ಎದ್ದೇಳುವಾಗ ಸ್ವಲ್ಪ ಶಕ್ತಿ ಬಿಸಿ ಆಗಿ ಹೋಗಿಬಿಡತ್ತೆ. ಇದು ಗಾಡಿಯ ತೂಕಕ್ಕೆ ತಕ್ಕ ಹಾಗೆ ಇರತ್ತೆ, ಸ್ಪೀಡ್ ಹೆಚ್ಚಾದ್ರೂ ಬಹಳ ಬದಲಾಗಲ್ಲ. ಎರಡನೇದು ಗಾಳಿ. ಇದು ಸ್ಪೀಡಿನ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ಅಂದ್ರೆ ಸ್ಪೀಡ್ ಡಬಲ್ ಆದ್ರೆ ಗಾಳಿಯ ತಡೆ ನಾಲ್ಕು ಪಟ್ಟು. ಮೂರನೇದು ಯಾವಾಗಲೂ ಇರಲ್ಲ, ವೇಗ ಹೆಚ್ಚಿಸುವಾಗ ಮತ್ತೆ ಘಾಟ್ ಹತ್ತುವಾಗ ಮಾತ್ರ ಬರತ್ತೆ, ಅದೂ ಪೂರ್ತಿ ತೂಕದ ವ್ಯವಹಾರ.

ಒಂದು ಮಾಮೂಲಿ ಕಾರಿಗೆ ಲೆಕ್ಕ ಹಾಕಿ ನೋಡಿದ್ರೆ ಚಿತ್ರ ಸ್ಪಷ್ಟ ಆಗತ್ತೆ. ತೂಕ 1,200 ಕೇಜಿ, ಗಾಳಿಗೆ ಎದುರಾಗೋ ಮುಖದ ವಿಸ್ತೀರ್ಣ 2.2 ಚದರ ಮೀಟರ್, ಆಕಾರದ ಗುಣಾಂಕ 0.32 ಅಂತ ಇಟ್ಕೊಳ್ಳಿ (ಈ ಗುಣಾಂಕ ಏನು ಅಂತ ಮುಂದೆ ಹೇಳ್ತೀನಿ). ಟೈರಿನ ತಡೆ ಸುಮಾರು 118 ನ್ಯೂಟನ್ (ಬಲ ಅಳೆಯೋ ಮಾನ). ಗಾಳಿಯ ತಡೆ 50 ಕಿಮೀ ಸ್ಪೀಡಲ್ಲಿ ಸುಮಾರು 80 ನ್ಯೂಟನ್, 80ರಲ್ಲಿ 210ರ ಹತ್ರ, 100ರಲ್ಲಿ 325, 120ರಲ್ಲಿ 470. ಗಂಟೆಗೆ 60 ಕಿಮೀ ಆಸುಪಾಸಲ್ಲಿ ಟೈರು ಗಾಳಿ ಎರಡೂ ಸಮಸಮ, ಅಲ್ಲಿಂದ ಮೇಲೆ ಗಾಳಿಯದೇ ರಾಜ್ಯ. 80ರಲ್ಲಿ ಹೋಗೋದು ಬಿಟ್ಟು 100ರಲ್ಲಿ ಹೋದ್ರೆ ಪ್ರತಿ ಕಿಲೋಮೀಟರಿಗೆ ಬೇಕಾಗೋ ಶಕ್ತಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರತ್ತೆ, ರೇಂಜ್ ಸುಮಾರು ಕಾಲು ಭಾಗ ಕಮ್ಮಿ ಆಗತ್ತೆ. ಎಕ್ಸ್‌ಪ್ರೆಸ್‌ವೇನಲ್ಲಿ ಆಗ್ತಿರೋದು ಇದೇನೇ.

ಇನ್ನೊಂದು ವಿಷಯ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಗಾಳಿ ತೆಳು. ಅದೇ ಕಾರು ಅದೇ ಸ್ಪೀಡಲ್ಲಿ ಮಂಗಳೂರು ಕಡೆ ಓಡಿದ್ರೆ ಎದುರಾಗೋ ಗಾಳಿಯ ತಡೆಗಿಂತ ಇಲ್ಲಿ ಒಂಬತ್ತು ಹತ್ತು ಪರ್ಸೆಂಟ್ ಕಮ್ಮಿ ಇರತ್ತೆ. ಮೇಲಿನ ಲೆಕ್ಕ ಕರಾವಳಿ ಗಾಳಿಗೆ ಹಾಕಿದ್ದು.

## ಸಿಟಿಯಲ್ಲಿ ತೂಕ, ಹೈವೇಯಲ್ಲಿ ಆಕಾರ

ಎಫಿಶಿಯಂಟ್ ಕಾರು ಕಟ್ಟಬೇಕು ಅಂತ ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಗಾಡಿ ಎಲ್ಲಿ ಓಡತ್ತೆ ಅನ್ನೋದು. ಮೇಲಿನ ಅದೇ ಕಾರಿನ ತೂಕ ಹತ್ತು ಪರ್ಸೆಂಟ್ ಇಳಿಸಿದ್ರೆ 100 ಕಿಮೀ ಸ್ಪೀಡಲ್ಲಿ ಉಳಿಯೋದು ಹೆಚ್ಚುಕಮ್ಮಿ ಮೂರು ಪರ್ಸೆಂಟ್ ಶಕ್ತಿ. ಗಾಳಿಯ ತಡೆಯನ್ನ ಹತ್ತು ಪರ್ಸೆಂಟ್ ಇಳಿಸಿದ್ರೆ ಏಳು ಪರ್ಸೆಂಟ್ ಉಳಿಯತ್ತೆ. ಈಗ ಸಿಟಿಗೆ ಬನ್ನಿ, 50ಕ್ಕೆ ಏರಿಸೋದು, ಅರ್ಧ ಕಿಲೋಮೀಟರಿಗೆ ಒಂದ್ಸಲ ಬ್ರೇಕ್ ಹಾಕಿ ನಿಲ್ಲಿಸೋದು, ಹಿಂಗೇ ನಡೀತಾ ಇದ್ರೆ ಟೈರು ಗಾಳಿ ಎರಡೂ ಸೇರಿ ತಿನ್ನೋದಕ್ಕಿಂತ ಜಾಸ್ತಿ ಶಕ್ತಿ ಬ್ರೇಕಲ್ಲೇ ಸುಟ್ಟುಹೋಗತ್ತೆ. ಇಲ್ಲಿ ತೂಕ ಹತ್ತು ಪರ್ಸೆಂಟ್ ಇಳಿಸಿದ್ರೆ ಎಂಟು ಪರ್ಸೆಂಟ್ ಉಳಿತಾಯ, ಗಾಳಿ ತಡೆ ಹತ್ತು ಇಳಿಸಿದ್ರೆ ಬರೀ ಎರಡು. ಪೂರ್ತಿ ತಿರುವುಮುರುವು! ಇವಿ ಮತ್ತೆ ಹೈಬ್ರಿಡ್ ಕಾರುಗಳು ಬ್ರೇಕ್ ಹಾಕಿದಾಗ ಸ್ವಲ್ಪ ಶಕ್ತಿಯನ್ನ ಬ್ಯಾಟರಿಗೆ ವಾಪಸ್ ತಗೊಳ್ತಾವೆ, ಹಾಗಾಗಿ ಅವುಗಳಲ್ಲಿ ತೂಕದ ಪೆಟ್ಟು ಸ್ವಲ್ಪ ಕಮ್ಮಿ, ಆದ್ರೆ ಎಲ್ಲಾ ಶಕ್ತಿಯೂ ವಾಪಸ್ ಬರಲ್ಲ.

ಇದಕ್ಕೆ ಒಳ್ಳೆ ಉದಾಹರಣೆ ನಮ್ಮ ಬೆಂಗಳೂರಿನ ರೇವಾ. 2001ರಲ್ಲಿ ರಸ್ತೆಗಿಳಿದ ಈ ಪುಟಾಣಿ ಎಲೆಕ್ಟ್ರಿಕ್ ಕಾರಿಗೆ ಉಕ್ಕಿನ ಪೈಪುಗಳ ಫ್ರೇಮು, ಅದರ ಮೇಲೆ ಎಬಿಎಸ್ ಪ್ಲಾಸ್ಟಿಕ್ ಪ್ಯಾನೆಲ್‌ಗಳು. ಉದ್ದ ಕಮ್ಮಿ, ಎತ್ತರ ಜಾಸ್ತಿ, ಡಬ್ಬಿ ಥರ ಇತ್ತು, ಗಾಳಿಗೆ ಜಾರೋ ಆಕಾರ ಏನಲ್ಲ, ಆದ್ರೆ ಅದು ಸಿಟಿಯೊಳಗೆ ನಿಧಾನಕ್ಕೆ ಓಡೋ ಗಾಡಿ, ಅದಕ್ಕೆ ಬೇಕಾಗಿದ್ದು ಕಮ್ಮಿ ತೂಕ. ಆ ಲೆಕ್ಕ ಸರಿಯಾಗೇ ಇತ್ತು. ಅದೇ ರೇವಾವನ್ನ ಎಕ್ಸ್‌ಪ್ರೆಸ್‌ವೇಗೆ ಅಂತ ಮಾಡೋದಿದ್ರೆ ಬಾಡಿಯನ್ನ ಮೊದಲಿಂದ ಬೇರೇನೇ ಯೋಚನೆ ಮಾಡಬೇಕಾಗ್ತಿತ್ತು.

## ಸಿಡಿ ಅನ್ನೋ ನಂಬರು

ಕಾರಿನ ಜಾಹೀರಾತಲ್ಲಿ ಸಿಡಿ 0.21, ಸಿಡಿ 0.24 ಅಂತೆಲ್ಲಾ ಬರ್ತಿರತ್ತಲ್ಲ, ಅದೇ ಆಕಾರದ ಗುಣಾಂಕ. ಒಂದು ಆಕಾರ ಗಾಳಿಯನ್ನ ಎಷ್ಟು ಸಲೀಸಾಗಿ ದಾಟಿಕೊಂಡು ಹೋಗತ್ತೆ ಅನ್ನೋದರ ಅಳತೆ. ಚೌಕ ಡಬ್ಬಿಗೆ ಇದು 1ರ ಆಸುಪಾಸು, ದುಂಡು ಚೆಂಡಿಗೆ 0.47ರ ಹತ್ರ, ಮುಂದೆ ದುಂಡಗಿದ್ದು ಹಿಂದೆ ಉದ್ದಕ್ಕೆ ಚೂಪಾಗಿ ಮುಗಿಯೋ ಹನಿಯಾಕಾರಕ್ಕೆ 0.05ರ ಒಳಗೆ. ಈಗಿನ ಮಾಮೂಲಿ ಕಾರುಗಳು 0.28ರಿಂದ 0.35ರ ನಡುವೆ ಇರ್ತವೆ.

ಆದ್ರೆ ಸಿಡಿ ಒಂದನ್ನೇ ನೋಡಿ ಮೋಸ ಹೋಗಬಾರದು. ಓಡೋ ಬಸ್ಸಿನ ಕಿಟಕಿಯಿಂದ ಚಿಕ್ಕಂದಲ್ಲಿ ಎಲ್ಲರೂ ಕೈ ಹೊರಗೆ ಹಾಕಿರ್ತೀವಿ, ಅಂಗೈಯನ್ನ ಗಾಳಿಗೆ ಎದುರಾಗಿ ಹಿಡಿದ್ರೆ ಕೈಯನ್ನ ಹಿಂದಕ್ಕೆ ತಳ್ಳತ್ತೆ, ಅಡ್ಡ ಮಲಗಿಸಿದ್ರೆ ಸುಮ್ಮನಾಗತ್ತೆ. ಅಲ್ಲಿ ಎರಡು ಬದಲಾಗತ್ತೆ, ಆಕಾರನೂ ಬದಲಾಗತ್ತೆ, ಗಾಳಿಗೆ ಎದುರಾಗೋ ವಿಸ್ತೀರ್ಣನೂ ಬದಲಾಗತ್ತೆ. ಕಾರಿಗೂ ಅಷ್ಟೇ, ಸಿಡಿಯನ್ನ ಮುಖದ ವಿಸ್ತೀರ್ಣದಿಂದ ಗುಣಿಸಿದಾಗ ಬರೋ ಸಂಖ್ಯೆನೇ ನಿಜವಾದ ಲೆಕ್ಕ. ಅಗಲ ಎತ್ತರ ಎರಡೂ ಜಾಸ್ತಿ ಇರೋ ಎಸ್‌ಯುವಿಗೆ ಒಳ್ಳೆ ಸಿಡಿ ಇದ್ರೂ ಗುಣಿಸಿದ ಮೇಲೆ ಅದು ಸಣ್ಣ ಹ್ಯಾಚ್‌ಬ್ಯಾಕ್‌ಗಿಂತ ಜಾಸ್ತಿ ಗಾಳಿ ತಳ್ತಿರಬಹುದು. ಕಸ್ಟಮ್ ಬಾಡಿ ಡಿಸೈನ್ ಮಾಡೋರು ಅದಕ್ಕೇ ಮೊದಲು ಒಳಗೆ ಕೂರೋರ ಜಾಗ ಗುರುತು ಮಾಡ್ತಾರೆ, ಎಷ್ಟು ಜನ, ಹೇಗೆ ಕೂರ್ತಾರೆ, ತಲೆ ಎಷ್ಟು ಎತ್ತರಕ್ಕೆ ಬರತ್ತೆ, ಭುಜ ಎಷ್ಟು ಅಗಲ. ಆಮೇಲೆ ಅದರ ಸುತ್ತ ಆದಷ್ಟು ಬಿಗಿಯಾಗಿ ಹೊದಿಕೆ ಎಳೀತಾರೆ.

## ಮುಂದಿಗಿಂತ ಹಿಂದೆ ಮುಖ್ಯ

ಗಾಳಿ ಸೀಳಬೇಕು ಅಂದ್ರೆ ಮೂತಿ ಚೂಪಾಗಿರಬೇಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಕಾರಿನ ಸ್ಪೀಡಿಗೆ ಮೂತಿ ಚೂಪಾಗಿರಲೇಬೇಕು ಅಂತೇನಿಲ್ಲ, ಅಂಚುಗಳು ನೀಟಾಗಿ ದುಂಡಗಿದ್ರೆ ಸಾಕು, ಗಾಳಿ ಅಕ್ಕಪಕ್ಕ ಮೇಲೆ ಸರಿದು ಹೋಗಿಬಿಡತ್ತೆ. ಕಷ್ಟ ಇರೋದು ಹಿಂದೆ. ಬಾಡಿ ದಾಟಿ ಬಂದ ಗಾಳಿ ಮತ್ತೆ ಒಂದುಗೂಡಬೇಕು, ಅದಕ್ಕೆ ಸಮಯ ಬೇಕು, ಜಾಗ ಬೇಕು. ಹಿಂಭಾಗ ದಿಢೀರ್ ಅಂತ ಮುಗಿದುಹೋದ್ರೆ ಗಾಳಿ ಮೇಲ್ಮೈ ಬಿಟ್ಟು ಕಿತ್ಕೊಂಡು ಹೋಗತ್ತೆ, ಹಿಂದೆ ಸುಳಿಗಳು ತುಂಬಿದ ಕಮ್ಮಿ ಒತ್ತಡದ ಜಾಗ ಒಂದು ಹುಟ್ಟತ್ತೆ, ಮುಂದೆ ಜಾಸ್ತಿ ಒತ್ತಡ ಹಿಂದೆ ಕಮ್ಮಿ ಒತ್ತಡ, ಈ ವ್ಯತ್ಯಾಸನೇ ಕಾರನ್ನ ಹಿಂದಕ್ಕೆ ಎಳಿಯೋದು. ಮಳೆಗಾಲದಲ್ಲಿ ಹ್ಯಾಚ್‌ಬ್ಯಾಕ್ ಕಾರಿನ ಹಿಂದಿನ ಗ್ಲಾಸ್ ಅಷ್ಟು ಬೇಗ ಕೆಸರಾಗೋದು ಈ ಸುಳಿಗಳಿಂದಾನೇ.

ಹಾಗಾದ್ರೆ ಹಿಂದಕ್ಕೆ ನಿಧಾನವಾಗಿ ಇಳಿಜಾರು ಕೊಡಬೇಕು. ಎಷ್ಟು ಇಳಿಜಾರು ಅನ್ನೋದರಲ್ಲೇ ಇದೆ ಸೂಕ್ಷ್ಮ. ಸುಮಾರು 10ರಿಂದ 15 ಡಿಗ್ರಿ ಒಳಗೆ ಇದ್ರೆ ಗಾಳಿ ಅಂಟಿಕೊಂಡೇ ಹರಿಯತ್ತೆ. ಅದಕ್ಕಿಂತ ಕಡಿದಾದ್ರೆ ಕಷ್ಟ ಶುರು. ಜರ್ಮನಿಯಲ್ಲಿ 1984ರಲ್ಲಿ ಒಂದು ಸರಳ ಮಾಡೆಲ್ ಇಟ್ಟು ಹಿಂದಿನ ಇಳಿಜಾರನ್ನ ಬದಲಾಯಿಸ್ತಾ ಅಳೆದಾಗ 30 ಡಿಗ್ರಿ ಹತ್ರ ತಡೆ ಎಲ್ಲಕ್ಕಿಂತ ಜಾಸ್ತಿ ಆಗೋದು ಗೊತ್ತಾಯ್ತು, ಎರಡೂ ಪಕ್ಕದಿಂದ ದೊಡ್ಡ ಸುಳಿಗಳು ಸುತ್ತಿಕೊಂಡು ಕಾರನ್ನ ಹಿಡಿದೆಳೀತವೆ, ಇನ್ನೂ ಕಡಿದಾದ್ರೆ ವಿಚಿತ್ರ ಅಂದ್ರೆ ತಡೆ ಇಳಿಯತ್ತೆ. ಆ ಮಾಡೆಲ್‌ಗೆ ಅದನ್ನ ಅಳೆದ ವಿಜ್ಞಾನಿ ಹೆಸರಲ್ಲಿ ಅಹ್ಮದ್ ಬಾಡಿ ಅಂತಾರೆ, ಇವತ್ತಿಗೂ ಕಾರ್ ಏರೋಡೈನಮಿಕ್ಸ್ ಕಲಿಯೋ ವಿದ್ಯಾರ್ಥಿಗಳು ಕಂಪ್ಯೂಟರಲ್ಲಿ ಮೊದಲು ಓಡಿಸಿ ನೋಡೋ ಆಕಾರಗಳಲ್ಲಿ ಅದೂ ಒಂದು.

ಹತ್ತು ಹನ್ನೆರಡು ಡಿಗ್ರಿಯಲ್ಲಿ ಪೂರ್ತಿ ಚೂಪಾಗೋವರೆಗೂ ಬಾಲ ಎಳೆದ್ರೆ ಕಾರು ಲಾರಿ ಉದ್ದ ಆಗಿಬಿಡತ್ತೆ, ಪಾರ್ಕಿಂಗ್ ಎಲ್ಲಿ ಮಾಡೋದು? ಇದಕ್ಕೆ ಪರಿಹಾರ 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಮತ್ತೆ ಅವರ ಕಾಲದ ಎಂಜಿನಿಯರ್‌ಗಳಿಂದ ಬಂತು. ಬಾಲ ಸ್ವಲ್ಪ ದೂರ ಸರಿಯಾಗಿ ಸಣ್ಣ ಆಗ್ತಾ ಬಂದ್ಮೇಲೆ ಅಲ್ಲೇ ನೇರವಾಗಿ ಕಡಿದುಬಿಟ್ರೂ ಲಾಭದ ದೊಡ್ಡ ಪಾಲು ಸಿಕ್ಕಿರತ್ತೆ, ಕಡಿಯೋ ಅಂಚು ಮಾತ್ರ ಚೂಪಾಗಿರಬೇಕು, ದುಂಡಗೆ ಮಾಡಿದ್ರೆ ಗಾಳಿ ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಒಳಕ್ಕೆ ತಿರುಗಿ ಸುಳಿ ಮಾಡತ್ತೆ. ಟೊಯೋಟಾ ಪ್ರಿಯಸ್‌ನ ಹಿಂಭಾಗ ನೋಡಿ, ಇಳಿಜಾರು, ಆಮೇಲೆ ಪಟ್ ಅಂತ ಕಡಿದ ಹಾಗೆ. ಅದು ಕಾಮ್ ಬಾಲ.

## ಕಣ್ಣಿಗೆ ಕಾಣದ ಅಡಿಭಾಗ

ಮೇಲಿನ ಆಕಾರ ಎಷ್ಟೇ ಚಂದ ಮಾಡಿದ್ರೂ ಅಡಿಗೆ ಬಗ್ಗಿ ನೋಡಿದ್ರೆ ಮಾಮೂಲಿ ಕಾರುಗಳಲ್ಲಿ ಸೈಲೆನ್ಸರ್ ಪೈಪು, ಸಸ್ಪೆನ್ಷನ್, ತೋಡುಗಳು, ಎಲ್ಲಾ ಬಿಚ್ಚಿಕೊಂಡೇ ಇರತ್ತೆ. ಗಾಳಿಗೆ ಅದು ಕಲ್ಲುಮುಳ್ಳಿನ ಹಾದಿ. ಅಡಿಗೆ ಸಪಾಟಾದ ಹೊದಿಕೆ ಹಾಕಿ, ಹಿಂಬದಿಯಲ್ಲಿ ನಿಧಾನಕ್ಕೆ ಮೇಲಕ್ಕೆ ಏರಿಸಿದ್ರೆ ಒಳ್ಳೆ ಉಳಿತಾಯ. ಇವಿಗಳಿಗೆ ಇಲ್ಲಿ ಹುಟ್ಟಿನಿಂದಲೇ ಅನುಕೂಲ, ಬ್ಯಾಟರಿ ಪ್ಯಾಕ್‌ನ ತಳ ಮೊದಲೇ ಚಪ್ಪಟೆ ಇರತ್ತೆ, ಸೈಲೆನ್ಸರ್ ಇಲ್ಲ, ರೇಡಿಯೇಟರ್‌ಗೆ ದೊಡ್ಡ ಗ್ರಿಲ್ಲೂ ಬೇಡ.

ಚಕ್ರಗಳದ್ದು ಇನ್ನೂ ದೊಡ್ಡ ತಲೆನೋವು. ಒಟ್ಟು ಗಾಳಿ ತಡೆಯಲ್ಲಿ ಸುಮಾರು ಕಾಲು ಭಾಗ ಚಕ್ರ ಮತ್ತೆ ಅದರ ಗೂಡಿಂದಲೇ ಬರತ್ತೆ. ತಿರುಗೋ ಚಕ್ರ ಫ್ಯಾನ್ ಥರ ಗಾಳಿಯನ್ನ ಕಲಕತ್ತೆ, ಅದರ ಮೇಲಿನ ಅಂಚು ಕಾರಿಗಿಂತ ಎರಡು ಪಟ್ಟು ಸ್ಪೀಡಲ್ಲಿ ಗಾಳಿಗೆ ಎದುರು ಹೋಗ್ತಿರತ್ತೆ. ಅದಕ್ಕೇ ಹಿಂದಿನ ಚಕ್ರಗಳಿಗೆ ಪೂರ್ತಿ ಮುಚ್ಚಳ ಹಾಕೋದು, ಸಪಾಟಾದ ವೀಲ್ ಕವರ್, ಸಣ್ಣ ಅಗಲದ ಟೈರು. ಮುಂದಿನ ಚಕ್ರ ಮುಚ್ಚೋದು ಕಷ್ಟ, ಅದು ತಿರುಗಬೇಕಲ್ಲ. ಇದನ್ನ ಮಾಡೋಕೆ ಹೋದ ಒಂದು ಕಾರು ಇತಿಹಾಸದಲ್ಲಿದೆ, ಜರ್ಮನಿಯ ಗೋಟಿಂಗೆನ್‌ನಲ್ಲಿ 1939ರಲ್ಲಿ ಕಾರ್ಲ್ ಶ್ಲೋರ್ ಕಟ್ಟಿದ ಶ್ಲೋರ್‌ವಾಗನ್. ಮರ್ಸಿಡಿಸ್ 170ಎಚ್ ಚಾಸಿಸ್ ಮೇಲೆ ವಿಮಾನದ ರೆಕ್ಕೆಯ ಆಕಾರದ ಅಲ್ಯುಮಿನಿಯಂ ಬಾಡಿ, ಸಿಡಿ 0.186, ಆ ಕಾಲಕ್ಕೆ ಊಹೆಗೂ ಮೀರಿದ್ದು. ಆದ್ರೆ ಮುಂದಿನ ಚಕ್ರಗಳನ್ನೂ ಬಾಡಿಯೊಳಗೆ ಮುಚ್ಚಿ ತಿರುಗೋಕೆ ಜಾಗ ಬಿಡಬೇಕಾಗಿ ಬಂದು ಅಗಲ ಎರಡು ಮೀಟರ್ ದಾಟಿತು, ತೂಕ ಮೂಲ ಕಾರಿಗಿಂತ ಸುಮಾರು 250 ಕೇಜಿ ಜಾಸ್ತಿ ಆಯ್ತು, ಅಡ್ಡಗಾಳಿ ಬೀಸಿದ್ರೆ ಅಲ್ಲಾಡ್ತಿತ್ತು. ಮಾರಾಟಕ್ಕೆ ಬರಲೇ ಇಲ್ಲ. ಆಕಾರ ಒಂದನ್ನೇ ಹಿಡ್ಕೊಂಡು ಹೋದ್ರೆ ತೂಕ, ಸ್ಥಿರತೆ ಕೈಕೊಡತ್ತೆ ಅನ್ನೋದಕ್ಕೆ ಇದಕ್ಕಿಂತ ಚೆನ್ನಾಗಿರೋ ಪಾಠ ಸಿಗಲ್ಲ.

ಅಡ್ಡಗಾಳಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನುಣುಪಾದ ದುಂಡು ಬಾಡಿಗೆ ಪಕ್ಕದಿಂದ ಗಾಳಿ ಹೊಡೆದಾಗ ಅದರ ತಳ್ಳುವಿಕೆ ಕಾರಿನ ಮುಂಭಾಗದಲ್ಲೇ ಜಾಸ್ತಿ ಬೀಳತ್ತೆ, ಮೂತಿ ಗಾಳಿ ತಳ್ಳೋ ಕಡೆಗೆ ತಿರುಗೋಕೆ ನೋಡತ್ತೆ. ಜೊತೆಗೆ ಮೇಲ್ಭಾಗ ಉಬ್ಬಿ ಅಡಿ ಸಪಾಟಾದ್ರೆ ರೆಕ್ಕೆ ಥರ ಕಾರನ್ನ ಮೇಲಕ್ಕೆ ಎತ್ತೋ ಬಲನೂ ಹುಟ್ಟತ್ತೆ. ಹಗುರ ಕಾರಿಗೆ ಇವೆರಡೂ ಅಪಾಯ, ಹಿಡಿದಿಡೋಕೆ ತೂಕ ಇಲ್ಲವಲ್ಲ. ಅದಕ್ಕೇ ತೂಕವನ್ನ ಆದಷ್ಟು ಮುಂದಕ್ಕೆ ಕೆಳಕ್ಕೆ ಇಡೋದು, ಹಿಂದಿನ ಅಂಚುಗಳನ್ನ ಚೂಪು ಮಾಡೋದು, ಇಂಥವೆಲ್ಲಾ ಮೊದಲೇ ಲೆಕ್ಕ ಹಾಕಬೇಕು.

## ಆಕಾರ, ತೂಕ ಎರಡೂ ಸಾಧಿಸಿದ ಕಾರು: ಎಕ್ಸ್‌ಎಲ್1

ಈ ಎಲ್ಲಾ ಪಾಠ ಒಂದೇ ಗಾಡಿಯಲ್ಲಿ ನೋಡಬೇಕು ಅಂದ್ರೆ ಫೋಕ್ಸ್‌ವ್ಯಾಗನ್‌ನ ಎಕ್ಸ್‌ಎಲ್1 ನೋಡಬೇಕು. ನನ್ನ ಪ್ರಕಾರ ರಸ್ತೆಯಲ್ಲಿ ಓಡಿಸಬಹುದಾದ ಕಾರುಗಳಲ್ಲಿ ಇಷ್ಟು ಪ್ರಾಮಾಣಿಕವಾಗಿ ದಕ್ಷತೆ ಹಿಂದೆ ಹೋದದ್ದು ಇನ್ನೊಂದಿಲ್ಲ.

ಕಥೆ ಶುರುವಾಗೋದು 2002ರ ಏಪ್ರಿಲ್‌ನಲ್ಲಿ. ಕಂಪನಿ ಮುಖ್ಯಸ್ಥ ಫರ್ಡಿನಾಂಡ್ ಪೀಶ್, ನೂರು ಕಿಲೋಮೀಟರಿಗೆ ಒಂದೇ ಲೀಟರ್ ಡೀಸೆಲ್ ಕುಡಿಯೋ ಪ್ರಯೋಗದ ಕಾರನ್ನ ತಾವೇ ಓಡಿಸಿಕೊಂಡು ವೋಲ್ಫ್ಸ್‌ಬರ್ಗ್‌ನಿಂದ ಹ್ಯಾಂಬರ್ಗ್‌ಗೆ ಷೇರುದಾರರ ಸಭೆಗೆ ಹೋದರು. 290 ಕೇಜಿ ತೂಕ, ಒಂದೇ ಸಿಲಿಂಡರ್ ಎಂಜಿನ್, ಡ್ರೈವರ್ ಹಿಂದೆ ಪ್ರಯಾಣಿಕ ಕೂರೋ ಸೀಟು, ಅಗಲ ಒಂದೂಕಾಲು ಮೀಟರ್ ಅಷ್ಟೇ, ಸಿಡಿ 0.159. ದಾರಿಯುದ್ದಕ್ಕೂ ಸರಾಸರಿ 100 ಕಿಮೀಗೆ 0.89 ಲೀಟರ್, ಅಂದ್ರೆ ಲೀಟರಿಗೆ 112 ಕಿಮೀ. ಹಿಂದೆ ಮುಂದೆ ಕೂತರೆ ಮುಖದ ವಿಸ್ತೀರ್ಣ ಅರ್ಧಕ್ಕೆ ಹತ್ರ ಇಳಿಯತ್ತೆ, ಆದ್ರೆ ಹಾಗೆ ಕೂತು ದಿನಾ ಓಡಾಡೋಕೆ ಜನ ಒಪ್ಪಬೇಕಲ್ಲ. ಹತ್ತು ವರ್ಷಕ್ಕಿಂತ ಜಾಸ್ತಿ ತಿದ್ದಿ ತೀಡಿದ ಮೇಲೆ ಬಂದ ಎಕ್ಸ್‌ಎಲ್1ನಲ್ಲಿ ಇಬ್ಬರೂ ಪಕ್ಕಪಕ್ಕನೇ ಕೂರ್ತಾರೆ, ಪ್ರಯಾಣಿಕನ ಸೀಟು ಮಾತ್ರ ಸ್ವಲ್ಪ ಹಿಂದಕ್ಕಿದೆ, ಭುಜಕ್ಕೆ ಭುಜ ತಾಗಲ್ಲ, ಹಾಗಾಗಿ ಕಾರು ಸಣ್ಣದಾಗಿರಬಹುದು. ಎಷ್ಟು ಸರಳ ಉಪಾಯ ನೋಡಿ.

ಕಾರಿನ ಎತ್ತರ 1.15 ಮೀಟರ್. ಹಿಂಭಾಗ ಮುಂಭಾಗಕ್ಕಿಂತ ಸಪೂರ, ಹಿಂದಿನ ಚಕ್ರಗಳಿಗೆ ಮುಚ್ಚಳ, ಕನ್ನಡಿ ಬದಲು ಕ್ಯಾಮೆರಾ, ಹಿಂದಿನ ಗ್ಲಾಸೇ ಇಲ್ಲ, ಮುಂದಿನ ಟೈರು ಬರೀ 115 ಮಿಲಿಮೀಟರ್ ಅಗಲ. ಸಿಡಿ 0.189. ತೂಕ 795 ಕೇಜಿ, ಅದರಲ್ಲಿ ಬಾಡಿ 230 ಕೇಜಿ, ಎಂಜಿನ್ ಮೋಟರ್ ಎಲ್ಲಾ ಸೇರಿ 227, ಚಕ್ರ ಸಸ್ಪೆನ್ಷನ್ 153, ಎಲೆಕ್ಟ್ರಿಕಲ್ 105, ಒಳಗಿನ ಸಾಮಾನು 80. ಇಬ್ಬರು ಕೂರೋ ಕಾರ್ಬನ್ ಫೈಬರ್ ಕೋಶ ಒಂದೇ ತಗೊಂಡ್ರೆ ಅದು 90 ಕೇಜಿಗೂ ಒಂಚೂರು ಕಮ್ಮಿ. ಇಷ್ಟೆಲ್ಲಾ ಮಾಡಿದ್ದಕ್ಕೆ 100 ಕಿಮೀ ಸ್ಪೀಡಲ್ಲಿ ಸಮನಾಗಿ ಹೋಗೋಕೆ ಈ ಕಾರಿಗೆ ಬೇಕಾಗಿದ್ದು 8.4 ಹಾರ್ಸ್‌ಪವರ್ ಮಾತ್ರ. ನಾವು ಮೇಲೆ ಲೆಕ್ಕ ಹಾಕಿದ ಮಾಮೂಲಿ ಕಾರಿಗೆ ಅದೇ ಸ್ಪೀಡಲ್ಲಿ 17ರ ಹತ್ರ ಬೇಕು. ಅದಕ್ಕೇ ಎರಡು ಸಿಲಿಂಡರ್‌ನ 0.8 ಲೀಟರ್ ಡೀಸೆಲ್ ಎಂಜಿನ್ನು, ಜೊತೆಗೊಂದು ಸಣ್ಣ ಎಲೆಕ್ಟ್ರಿಕ್ ಮೋಟರ್ ಸಾಕಾಯ್ತು, ಹತ್ತು ಲೀಟರ್ ಟ್ಯಾಂಕ್ ಸಾಕಾಯ್ತು. 100 ಕಿಮೀಗೆ 0.9 ಲೀಟರ್ ಅನ್ನೋ ಅಧಿಕೃತ ಅಂಕಿಯಲ್ಲಿ ಪ್ಲಗ್ ಹಾಕಿ ಚಾರ್ಜ್ ಮಾಡಿದ ಕರೆಂಟಿನ ಪಾಲೂ ಇದೆ ಅನ್ನೋದು ಗಮನದಲ್ಲಿರಲಿ.

ಆದ್ರೆ ಕಟ್ಟಿದ್ದು ಬರೀ 250 ಕಾರು, ಬೆಲೆ ಒಂದು ಲಕ್ಷ ಯೂರೋ ದಾಟಿತ್ತು. ಕಾರ್ಬನ್ ಫೈಬರ್, ಕೈಕೆಲಸ ಎರಡೂ ಅಗ್ಗದ್ದಲ್ಲ.

## ಹಗುರ ಮಾಡೋದು ಹೇಗೆ

ಉಕ್ಕು ನೀರಿಗಿಂತ 7.8 ಪಟ್ಟು ಭಾರ, ಅಲ್ಯುಮಿನಿಯಂ 2.7, ಗ್ಲಾಸ್ ಫೈಬರ್ ಸುಮಾರು 1.9, ಕಾರ್ಬನ್ ಫೈಬರ್ 1.6. ಹಂಗಂತ ಉಕ್ಕಿನ ತಗಡು ತೆಗೆದು ಅಷ್ಟೇ ದಪ್ಪದ ಅಲ್ಯುಮಿನಿಯಂ ಹಾಕಿದ್ರೆ ಪ್ಯಾನೆಲ್ ಬಳುಕತ್ತೆ, ಯಾಕಂದ್ರೆ ಬಗ್ಗದೆ ನಿಲ್ಲೋ ಬಿಗಿನೂ ಅಲ್ಯುಮಿನಿಯಂಗೆ ಉಕ್ಕಿನ ಮೂರನೇ ಒಂದು ಪಾಲು. ಇಲ್ಲಿ ಒಂದು ಒಳ್ಳೆ ಗುಟ್ಟಿದೆ. ಹಾಳೆಯನ್ನ ಬಗ್ಗಿಸೋಕೆ ಬೇಕಾಗೋ ಬಲ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರತ್ತೆ, ದಪ್ಪ ಡಬಲ್ ಆದ್ರೆ ಬಿಗಿ ಎಂಟು ಪಟ್ಟು. ಹಾಗಾಗಿ 1 ಮಿಲಿಮೀಟರ್ ಉಕ್ಕಿನ ಜಾಗಕ್ಕೆ 1.4 ಮಿಲಿಮೀಟರ್ ಅಲ್ಯುಮಿನಿಯಂ ಹಾಕಿದ್ರೆ ಬಳುಕೋದು ಅಷ್ಟೇ ಇರತ್ತೆ, ತೂಕ ಅರ್ಧ ಆಗತ್ತೆ.

ಇದೇ ಗುಟ್ಟನ್ನ ಇನ್ನೂ ಮುಂದಕ್ಕೆ ತಗೊಂಡು ಹೋದ್ರೆ ಬರೋದು ಸ್ಯಾಂಡ್‌ವಿಚ್ ಪ್ಯಾನೆಲ್, ಎರಡು ತೆಳು ಫೈಬರ್ ಪದರ, ನಡುವೆ ಫೋಮು. ಫೋಮಿಗೆ ತೂಕ ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೆ ಅದು ಎರಡೂ ಪದರಗಳನ್ನ ದೂರ ಇಟ್ಟಿರತ್ತಲ್ಲ, ಅದರಿಂದ ಪ್ಯಾನೆಲ್ ಬಿಗಿ ಆಗತ್ತೆ. ಸುಮಾರು ಸೋಲಾರ್ ಕಾರುಗಳು, ಗ್ಲೈಡರ್‌ಗಳು ಹಿಂಗೇ ಕಟ್ಟಿದ್ದು. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ಸೋಲಾರ್‌ಮೊಬಿಲ್ ತಂಡದ ಥರ ಕಾಲೇಜು ಮಟ್ಟದಲ್ಲಿ ಸೌರ ಕಾರು ಕಟ್ಟೋರಿಗೆ ತೂಕದ ಲೆಕ್ಕನೇ ಜೀವಾಳ, ಚಾವಣಿ ಮೇಲಿನ ಪ್ಯಾನೆಲ್‌ನಿಂದ ಸಿಗೋ ಕರೆಂಟು ಅಷ್ಟು ಕಮ್ಮಿ.

ಒಂದು ಜಾಗದಲ್ಲಿ ತೂಕ ಇಳಿದ್ರೆ ಅದು ಬೇರೆ ಕಡೆನೂ ಇಳಿಯತ್ತೆ, ಇದು ಈ ಕೆಲಸದ ಸುಖ. ಬಾಡಿ ಹಗುರ ಆದ್ರೆ ಸಣ್ಣ ಎಂಜಿನ್ ಸಾಕು, ಎಂಜಿನ್ ಸಣ್ಣದಾದ್ರೆ ಬ್ರೇಕು, ಸ್ಪ್ರಿಂಗು, ಟೈರು ಎಲ್ಲಾ ಸಣ್ಣ ಆಗತ್ತೆ, ಇವಿ ಆದ್ರೆ ಬ್ಯಾಟರಿನೇ ಸಣ್ಣ ಆಗತ್ತೆ. ಹಗುರ ಅಂದ್ರೆ ಕಾರ್ಬನ್ನೇ ಬೇಕು ಅಂತಲೂ ಇಲ್ಲ, ನಮ್ಮ ಹಳೇ ಮಾರುತಿ 800 ಬರೀ ಉಕ್ಕಲ್ಲೇ 650 ಕೇಜಿ ಆಸುಪಾಸಲ್ಲಿತ್ತು, ಎಕ್ಸ್‌ಎಲ್1ಗಿಂತ ಕಮ್ಮಿ! ಏರ್‌ಬ್ಯಾಗ್ ಇರಲಿಲ್ಲ, ಈಗಿನ ಕ್ರ್ಯಾಶ್ ನಿಯಮಗಳಿಗೆ ಅದು ನಿಲ್ಲಲ್ಲ ಅನ್ನೋದು ಬೇರೆ ಮಾತು, ಈಗಿನ ಕಾರುಗಳು ಭಾರ ಆಗಿರೋದರಲ್ಲಿ ಜೀವ ಉಳಿಸೋ ತೂಕನೂ ಇದೆ.

## ಕೈಯಾರೆ ಕಟ್ಟೋರು ಹೇಗೆ ಕಟ್ತಾರೆ, ಹೇಗೆ ಟೆಸ್ಟ್ ಮಾಡ್ತಾರೆ

ದೊಡ್ಡ ಕಂಪನಿ ಅಲ್ಲದೋರು ಫೋಮಿನ ದಿಮ್ಮಿಗಳನ್ನ ಅಂಟಿಸಿ, ಕೆತ್ತಿ, ಉಜ್ಜಿ ಪೂರ್ತಿ ಅಳತೆಯ ಆಕಾರ ಮಾಡ್ತಾರೆ, ಅದರ ಮೇಲೆ ಗ್ಲಾಸ್ ಫೈಬರ್ ಬಟ್ಟೆ ಹಾಸಿ ಎಪಾಕ್ಸಿ ರೆಸಿನ್ (ಹಚ್ಚಿದ್ಮೇಲೆ ಗಟ್ಟಿಯಾಗೋ ಅಂಟು) ಹಚ್ಚಿ ಅಚ್ಚು ತೆಗೀತಾರೆ. ನಮ್ಮಂಥ ಬಿಸಿಲಿನ ಊರಲ್ಲಿ ಒಂದು ಎಚ್ಚರಿಕೆ ಬೇಕು, ಮಾಮೂಲಿ ತಾಪಮಾನದಲ್ಲಿ ಗಟ್ಟಿಯಾದ ಎಪಾಕ್ಸಿ 60-70 ಡಿಗ್ರಿಗೇ ಮೆತ್ತಗಾಗೋಕೆ ಶುರು ಆಗಬಹುದು, ಕಲಬುರಗಿ ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಅಷ್ಟು ಬಿಸಿ ಆಗೋದು ಕಷ್ಟವೇನಲ್ಲ. ಅದಕ್ಕೇ ಬಿಳಿ ಬಣ್ಣ, ಮತ್ತೆ ರೆಸಿನ್ ಗಟ್ಟಿಯಾದ ಮೇಲೆ ಇನ್ನೊಂದ್ಸಲ ಶಾಖ ಕೊಟ್ಟು ಹದ ಮಾಡೋದು.

ಇಷ್ಟೂ ಬೇಡ ಅಂದ್ರೆ ಇನ್ನೂ ಸುಲಭದ ದಾರಿ ಇದೆ. ಅಮೆರಿಕದಲ್ಲಿ ಹವ್ಯಾಸಿಯೊಬ್ಬರು 1992ರ ಹೋಂಡಾ ಸಿವಿಕ್‌ಗೆ ನಮ್ಮಲ್ಲಿ ಎಲೆಕ್ಷನ್ ಬೋರ್ಡ್‌ಗೆ ಬಳಸೋ ಸನ್‌ಪ್ಯಾಕ್ ಶೀಟ್ ಥರದ ಪ್ಲಾಸ್ಟಿಕ್, ಅಲ್ಯುಮಿನಿಯಂ ಬಳಸಿ ಉದ್ದ ಬಾಲ, ಚಕ್ರದ ಮುಚ್ಚಳ, ಅಡಿ ಹೊದಿಕೆ ಎಲ್ಲಾ ಮಾಡಿ ಏರೋಸಿವಿಕ್ ಅಂತ ಹೆಸರಿಟ್ಟರು. ಗಂಟೆಗೆ 105 ಕಿಮೀ ಸ್ಪೀಡಲ್ಲಿ ಲೀಟರಿಗೆ 40 ಕಿಮೀ ಬರತ್ತೆ, ಸಿಡಿ 0.17 ಅಂತ ಅವರು ಹೇಳಿಕೊಂಡಿದ್ದಾರೆ. ಎಂಜಿನ್ ಅದೇ ಹೋಂಡಾದ್ದು.

ಮಾಡಿದ್ದು ಸರಿ ಇದೆಯಾ ಅಂತ ನೋಡೋಕೆ ಗಾಳಿ ಸುರಂಗನೇ (ನಿಂತ ಕಾರಿನ ಮೇಲೆ ಗಾಳಿ ಹಾಯಿಸಿ ತಡೆ ಅಳೆಯೋ ಜಾಗ) ಬೇಕು ಅಂತಿಲ್ಲ. ಬೆಂಗಳೂರಿನ ಐಐಎಸ್‌ಸಿ, ಎನ್‌ಎಎಲ್ ಥರದ ಸಂಶೋಧನಾ ಸಂಸ್ಥೆಗಳಲ್ಲಿ ಒಳ್ಳೊಳ್ಳೆ ಸುರಂಗಗಳಿವೆ, ಆದ್ರೆ ಹವ್ಯಾಸಿಗಳು ಬಾಡಿ ತುಂಬಾ ಸಣ್ಣ ಸಣ್ಣ ಉಲ್ಲನ್ ದಾರ ಟೇಪಲ್ಲಿ ಅಂಟಿಸಿ, ಪಕ್ಕದಲ್ಲಿ ಇನ್ನೊಂದು ಗಾಡಿಯಿಂದ ವಿಡಿಯೋ ಮಾಡ್ತಾರೆ. ದಾರ ಮೈಗಂಟಿ ಹಿಂದಕ್ಕೆ ನೆಟ್ಟಗೆ ಮಲಗಿದ್ರೆ ಗಾಳಿ ಅಂಟಿಕೊಂಡು ಹರೀತಿದೆ, ಎದ್ದು ಗಿರಗಿರ ಕುಣಿದ್ರೆ ಅಲ್ಲಿ ಕಿತ್ಕೊಂಡಿದೆ. ಇನ್ನೊಂದು, ಸಮತಟ್ಟಾದ ಖಾಲಿ ಟ್ರ್ಯಾಕ್‌ನಲ್ಲಿ ಸ್ಪೀಡ್ ಹಿಡಿದು ನ್ಯೂಟ್ರಲ್‌ಗೆ ಹಾಕಿ ಎಷ್ಟು ಬೇಗ ನಿಧಾನ ಆಗತ್ತೆ ಅಂತ ಎರಡೂ ದಿಕ್ಕಲ್ಲಿ ಅಳೆಯೋದು, ಜಾಸ್ತಿ ಸ್ಪೀಡಲ್ಲಿ ಇಳಿಯೋ ರೀತಿಯಿಂದ ಗಾಳಿಯ ಪಾಲು, ಕಮ್ಮಿ ಸ್ಪೀಡಲ್ಲಿ ಇಳಿಯೋ ರೀತಿಯಿಂದ ಟೈರಿನ ಪಾಲು ಬೇರೆ ಮಾಡಬಹುದು. ಕಂಪ್ಯೂಟರ್ ಸಿಮ್ಯುಲೇಷನ್‌ಗೆ ಓಪನ್‌ಫೋಮ್ ಥರದ ಉಚಿತ ಸಾಫ್ಟ್‌ವೇರ್ ಇದೆ, ಕಲಿಯೋಕೆ ತಾಳ್ಮೆ ಬೇಕು ಅಷ್ಟೇ.

## ನಮ್ಮಲ್ಲಿ ಮಾಡಬಹುದಾ?

ಇಲ್ಲಿ ಸ್ಪಷ್ಟವಾಗಿ ಹೇಳಿಬಿಡ್ತೀನಿ, ರಿಜಿಸ್ಟರ್ ಆದ ಕಾರಿನ ಬಾಡಿ ಬದಲಾಯಿಸಿ ರಸ್ತೆಗಿಳಿಸೋದು ಭಾರತದಲ್ಲಿ ಕಾನೂನುಬಾಹಿರ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿ ಕಾರ್ಡಿಗೂ ವ್ಯತ್ಯಾಸ ಬರೋ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಬಣ್ಣ ಬದಲಾವಣೆ, ಸಿಎನ್‌ಜಿ ಕಿಟ್ ಥರದ್ದಕ್ಕೆ ಆರ್‌ಟಿಓ ಒಪ್ಪಿಗೆ ತಗೊಂಡು ಮಾಡಬಹುದು, ಚಾವಣಿ ಕತ್ತರಿಸಿ ಬಾಲ ಬೆಳೆಸೋದಕ್ಕೆ ಅಲ್ಲ. ಲಾರಿ ಬಸ್ಸುಗಳ ಕಥೆ ಬೇರೆ, ಅಲ್ಲಿ ಚಾಸಿಸ್ ಒಬ್ಬರದು ಬಾಡಿ ಇನ್ನೊಬ್ಬರದು, ಬಸ್ ಬಾಡಿಗೆ ಎಐಎಸ್-052 ಅನ್ನೋ ಪ್ರತ್ಯೇಕ ನಿಯಮಾವಳಿನೇ ಇದೆ. ಹೊಸ ಕಾರನ್ನೇ ಕಟ್ಟಿ ಮಾರಬೇಕು ಅಂದ್ರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಪ್ರಯೋಗ ಮಾಡೋ ಆಸೆ ಇರೋ ವಿದ್ಯಾರ್ಥಿಗಳಿಗೆ ಶೆಲ್ ಇಕೋ ಮ್ಯಾರಥಾನ್ ಥರದ, ಕಮ್ಮಿ ಇಂಧನದಲ್ಲಿ ಯಾರ ಗಾಡಿ ಜಾಸ್ತಿ ದೂರ ಹೋಗತ್ತೆ ಅಂತ ನೋಡೋ ಸ್ಪರ್ಧೆಗಳಿವೆ, 2019ರಲ್ಲಿ ಅದರ ಭಾರತದ ಆವೃತ್ತಿ ಬೆಂಗಳೂರಲ್ಲೇ ನಡೀತು, ಅಲ್ಲಿ ಟ್ರ್ಯಾಕ್ ಮೇಲೆ ಓಡಿಸೋದರಿಂದ ಆಕಾರದಲ್ಲಿ ಧೈರ್ಯ ಮಾಡಬಹುದು.

ರಸ್ತೆಯ ವಿಷಯನೂ ಇದೆ. ಎಕ್ಸ್‌ಎಲ್1 ಥರ ನೆಲಕ್ಕಂಟಿದ ಕಾರು ನಮ್ಮ ಹಂಪುಗಳಲ್ಲಿ ಅಡಿ ಉಜ್ಜತ್ತೆ, ಎತ್ತರಕ್ಕೆ ಏರಿಸಿದ್ರೆ ಅಡಿಯಲ್ಲಿ ನುಗ್ಗೋ ಗಾಳಿ ಜಾಸ್ತಿ, ಅಡಿ ಹೊದಿಕೆ ಹಾಕಿದ್ರೆ ಮಲೆನಾಡಿನ ಮಳೆಗಾಲದಲ್ಲಿ ಅದರೊಳಗೆ ಕೆಸರು ಸೇರದ ಹಾಗೆ ತೂತು, ಇಳಿಜಾರು ಕೊಡಬೇಕು. ಇಲ್ಲಿಗೆ ಸೂಕ್ತವಾದ ಬಾಡಿ ಇಲ್ಲಿಯ ರಸ್ತೆ ನೋಡೇ ಹುಟ್ಟಬೇಕು. ಪುಣೆ ಹತ್ರದ ಚಾಕಣ್‌ನಲ್ಲಿ ಜೋಡಿಸಿದ ಮರ್ಸಿಡಿಸ್ ಇಕ್ಯೂಎಸ್ ಸಿಡಿ 0.20, ಬಿವೈಡಿ ಸೀಲ್ 0.219, ಇವು ಈಗಾಗಲೇ ನಮ್ಮ ರಸ್ತೆಯಲ್ಲಿವೆ, ಆದ್ರೆ ಎರಡೂ ಎರಡು ಟನ್ ಆಸುಪಾಸಿನ ಇಲ್ಲಾ ಅದಕ್ಕಿಂತ ಭಾರದ ಗಾಡಿಗಳು, ಬೆಲೆನೂ ದೊಡ್ಡದು. ಆಕಾರದ ಕೆಲಸ ಆಗಿದೆ, ತೂಕದ್ದು ಬಾಕಿ.

ಅಲ್ಲಿವರೆಗೆ ಇರೋ ಕಾರಲ್ಲೇ, ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಬಹುದು, ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ಇರೋ ಹಾಗೆ ನೋಡಿಕೊಳ್ಳಬಹುದು, ಡಿಕ್ಕಿಯಲ್ಲಿ ವರ್ಷಗಟ್ಟಲೆ ಕೂತಿರೋ ಸಾಮಾನು ಇಳಿಸಬಹುದು, ಎಕ್ಸ್‌ಪ್ರೆಸ್‌ವೇನಲ್ಲಿ 100ರ ಬದಲು 85ಕ್ಕೆ ಇಳಿಸಿದ್ರೆ ಗಾಳಿಯ ತಡೆ ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಗತ್ತೆ, ಬೆಂಗಳೂರಿಂದ ಮೈಸೂರಿಗೆ ಹೋಗೋಕೆ ಹನ್ನೆರಡು ಹದಿಮೂರು ನಿಮಿಷ ಜಾಸ್ತಿ ಹಿಡಿಯತ್ತೆ.